ಟವರಿನ ಭಯ, ಕೈಯಲ್ಲಿನ ಫೋನು

ತುಮಕೂರಿನಿಂದ ಶಿರಾ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೆ ಮೊಬೈಲ್ ಟವರುಗಳನ್ನು ಎಣಿಸುತ್ತಾ ಕುಳಿತು ನೋಡಿ. ಸೀಬಿ, ಕಳ್ಳಂಬೆಳ್ಳ ದಾಟುವಷ್ಟರಲ್ಲಿ ನಿಮ್ಮ ಲೆಕ್ಕ ತಪ್ಪಿರುತ್ತದೆ. ಒಂದು ಕಾಲಕ್ಕೆ ಮೊಗಲರ ಸುಬೆಯ ರಾಜಧಾನಿಯಾಗಿದ್ದ ಶಿರಾದಲ್ಲಿ ದೂರದಿಂದ ಕಣ್ಣಿಗೆ ಬೀಳುತ್ತಿದ್ದುದು ಮಸೀದಿಯ ಗುಮ್ಮಟ, ದೇವಸ್ಥಾನದ ಗೋಪುರ, ತೆಂಗಿನ ಮರ. ಈಗ ಇವೆಲ್ಲಕ್ಕಿಂತ ಎತ್ತರವಾಗಿ ಕೆಂಪು ಬಿಳಿ ಬಣ್ಣದ ಕಬ್ಬಿಣದ ಗೋಪುರ ನಿಂತಿರುತ್ತದೆ. ಅದರ ಮೇಲೆ ಒಂದಲ್ಲ, ಎರಡು ಮೂರು ಕಂಪನಿಗಳ ಆಂಟೆನಾಗಳು.

ನಮ್ಮ ದೇಶದಲ್ಲಿ 5ಜಿ ಸೇವೆ ಉದ್ಘಾಟನೆಯಾದದ್ದು 2022ರ ಅಕ್ಟೋಬರ್ 1ರಂದು. ಅದಕ್ಕೆ ಮೊದಲು ಜುಲೈ ಕೊನೆಯಲ್ಲಿ ಆರಂಭವಾಗಿ ಏಳು ದಿನ ನಡೆದ ತರಂಗಾಂತರ ಹರಾಜಿನಲ್ಲಿ ಕಂಪನಿಗಳು ಒಟ್ಟು ಒಂದೂವರೆ ಲಕ್ಷ ಕೋಟಿ ರೂಪಾಯಿಗೆ ಬಿಡ್ ಮಾಡಿದ್ದವು. ಏರ್‌ಟೆಲ್ ಮೊದಲ ದಿನವೇ ಬೆಂಗಳೂರು ಸೇರಿದಂತೆ ಎಂಟು ನಗರಗಳಲ್ಲಿ ಸೇವೆ ಆರಂಭಿಸಿತು. ಜಿಯೋ ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿಗೆ ಬಂತು. ವೊಡಾಫೋನ್ ಐಡಿಯಾ ತಡವಾಗಿ, 2025ರಲ್ಲಿ ಬೆಂಗಳೂರು ತಲುಪಿತು. ಸರ್ಕಾರದ ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿ ಜಾಲವನ್ನು ದೇಶಕ್ಕೆ ಅರ್ಪಿಸಿದ್ದೇ 2025ರ ಸೆಪ್ಟೆಂಬರ್‌ನಲ್ಲಿ. ಅಂದ ಹಾಗೆ, ಈ ‘ಜಿ’ ಮರ್ಯಾದೆಗೆ ಸೇರಿಸುವ ‘ಜೀ’ ಅಲ್ಲ, ತಲೆಮಾರು ಎಂದರ್ಥ. 5ಜಿ ಎಂದರೆ ಐದನೆಯ ತಲೆಮಾರಿನ ಮೊಬೈಲ್ ಜಾಲ.

ಕಂಪನಿಗಳ ಈ ಪೈಪೋಟಿ ಮಹಾನಗರ ದಾಟಿ ತಾಲ್ಲೂಕುಗಳತ್ತ ಸಾಗಿದಂತೆ ಅದರ ಹಿಂದೆಯೇ ಒಂದು ಭಯವೂ ಬಂದಿದೆ. "ಎದುರು ಮನೆ ಮೇಲೆ ಟವರ್ ಹಾಕ್ತಾರಂತೆ ಕಣಮ್ಮ, ಮಕ್ಕಳಿರೋ ಮನೆ, ಸುಮ್ಮನೆ ಬಿಡಬೇಡಿ" ಎಂಬ ಮಾತು ಬೀದಿ ನಲ್ಲಿಯ ಬಳಿ ಹುಟ್ಟಿ ಪುರಸಭೆಯ ಅರ್ಜಿಯಾಗಿ ಬೆಳೆಯುತ್ತದೆ. ಬಾಡಿಗೆ ಒಬ್ಬರಿಗೆ, ಭಯ ಎಲ್ಲರಿಗೆ. ಜಗಳವಾಗದೆ ಇನ್ನೇನಾದೀತು?

ಈ ಭಯಕ್ಕೆ ಆಧಾರ ಎಷ್ಟು? ಭಯಪಡಬೇಕಾದದ್ದು ನಿಜವಾಗಿ ಏನಕ್ಕೆ?

ವಿಕಿರಣ ಎಂಬ ಪದ

ಟವರಿನಿಂದ ವಿಕಿರಣ ಹೊರಡುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ವಿಕಿರಣ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಿರೋಶಿಮಾ, ಚೆರ್ನೋಬಿಲ್. ಬಿಸಿಲೂ ವಿಕಿರಣವೇ, ಒಲೆಯ ಕಾವೂ ವಿಕಿರಣವೇ, ಆಕಾಶವಾಣಿಯ ವಾರ್ತೆಯನ್ನು ನಿಮ್ಮ ರೇಡಿಯೋಗೆ ತಲುಪಿಸುವುದೂ ವಿಕಿರಣವೇ ಎಂಬುದು ನಮಗೆ ಹೊಳೆಯುವುದಿಲ್ಲ.

ವಿಕಿರಣಗಳಲ್ಲಿ ಎರಡು ಜಾತಿ. ಕ್ಷ-ಕಿರಣ, ಅಣು ವಿಕಿರಣ ಮೊದಲಾದವುಗಳ ಒಂದೊಂದು ಕಣದಲ್ಲೂ ಎಷ್ಟು ಶಕ್ತಿಯಿರುತ್ತದೆಂದರೆ, ಅದು ಜೀವಕೋಶದೊಳಗಿನ ಅಣುಗಳ ಬೆಸುಗೆಯನ್ನೇ ಕಿತ್ತುಹಾಕಬಲ್ಲದು. ವಂಶವಾಹಿಗೆ ಹೀಗೆ ಏಟು ಬಿದ್ದರೆ ಮುಂದೆ ಕ್ಯಾನ್ಸರ್ ಆಗುವ ಸಂಭವವಿದೆ. ಮೊಬೈಲ್ ಅಲೆಗಳು ಈ ಜಾತಿಯವಲ್ಲ. ನಮ್ಮಲ್ಲಿ 5ಜಿಗೆ ಹೆಚ್ಚಾಗಿ ಬಳಕೆಯಾಗುವ 3.5 ಗಿಗಾಹರ್ಟ್ಸ್ ಅಲೆಯ ಕಣಕ್ಕೆ ನಾವು ನೋಡುವ ಬೆಳಕಿನ ಕಣದ ಲಕ್ಷದಲ್ಲೊಂದು ಪಾಲಿನಷ್ಟೂ ಶಕ್ತಿಯಿಲ್ಲ. ಇವು ಅಣುಗಳನ್ನು ಮುರಿಯಲಾರವು, ಅಲುಗಿಸಬಲ್ಲವು ಅಷ್ಟೆ. ಅಲುಗಿದರೆ ಬಿಸಿಯಾಗುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದು ಇದೇ ತತ್ವದ ಮೇಲೆ. ಆದ್ದರಿಂದ ಸುರಕ್ಷತಾ ಮಿತಿಗಳನ್ನು ನಿಗದಿಪಡಿಸಿರುವುದು ಮೈ ಬಿಸಿಯಾಗದಂತೆ ನೋಡಿಕೊಳ್ಳಲು.

5ಜಿ ಎಂದರೆ ಹಿಂದೆಂದೂ ಇಲ್ಲದ ಹೊಸ ಕಿರಣ ಎಂದು ಹಲವರು ಭಾವಿಸಿದ್ದಾರೆ. ಹಾಗೇನಿಲ್ಲ. ಜಿಯೋ ಕೊಂಡಿರುವ 700 ಮೆಗಾಹರ್ಟ್ಸ್ ಪಟ್ಟಿ ಹಲವು ದೇಶಗಳಲ್ಲಿ ಮೊದಲು ಟಿ.ವಿ. ಪ್ರಸಾರಕ್ಕೆ ಬಳಕೆಯಾಗುತ್ತಿದ್ದದ್ದು. 3.5 ಗಿಗಾಹರ್ಟ್ಸ್ ಎಂಬುದು ಮನೆಯ ವೈ-ಫೈ ಬಳಸುವ 2.4 ಮತ್ತು 5 ಗಿಗಾಹರ್ಟ್ಸ್‌ಗಳ ನಡುವೆ ಬರುತ್ತದೆ. ಹರಾಜಾದವುಗಳಲ್ಲಿ ಅತಿ ಎತ್ತರದ್ದು 26 ಗಿಗಾಹರ್ಟ್ಸ್. ಅಲೆಯ ಕಂಪನ ಹೆಚ್ಚಿದಷ್ಟೂ ಅದು ಮೈಯೊಳಗೆ ಇಳಿಯುವುದು ಕಡಿಮೆ. 26 ಗಿಗಾಹರ್ಟ್ಸ್ ಅಲೆ ಚರ್ಮದಲ್ಲಿ ಸುಮಾರು ಒಂದು ಮಿಲಿಮೀಟರ್ ಆಳದಲ್ಲೇ ಸೋತು ನಿಲ್ಲುತ್ತದೆ.

2012ರ ಸೆಪ್ಟೆಂಬರ್ 1ರಿಂದ ಭಾರತ ಸರ್ಕಾರ ಟವರುಗಳ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಆಗ 2100 ಮೆಗಾಹರ್ಟ್ಸ್‌ಗೆ ಮೇಲ್ಪಟ್ಟ ಅಲೆಗಳಿಗೆ ಗೊತ್ತುಪಡಿಸಿದ್ದು ಚದರ ಮೀಟರಿಗೆ 1 ವ್ಯಾಟ್. ಹೋಲಿಕೆಗೆ ಹೇಳುವುದಾದರೆ, ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಶೇಂಗಾ ಹೊಲದಲ್ಲಿ ನಿಂತವರ ಮೇಲೆ ಬೀಳುವ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್.

ಕ್ಯಾನ್ಸರ್ ಪಟ್ಟಿಯಲ್ಲಿ ಇದೆಯಲ್ಲ?

ಇದೆ. ಓದಿದವರು ಕೇಳುವ ಪ್ರಶ್ನೆ ಇದೇ. 2011ರ ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮೊಬೈಲ್ ಅಲೆಗಳನ್ನು ‘2ಬಿ’ ವರ್ಗಕ್ಕೆ ಸೇರಿಸಿತು. ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸಾಲದು’ ಎಂಬುದು ಈ ವರ್ಗದ ಅರ್ಥ. ಇಡೀ ಎಲೆಯಿಂದ ತೆಗೆದ ಲೋಳೆಸರದ ಸಾರವೂ ಇದೇ ವರ್ಗದಲ್ಲಿದೆ.

ಅದೇ ಸಂಸ್ಥೆಯ ಒಂದನೇ ವರ್ಗ, ಅಂದರೆ ಕ್ಯಾನ್ಸರ್‌ಕಾರಕ ಎಂದು ಖಚಿತವಾದವುಗಳ ಪಟ್ಟಿಯಲ್ಲಿ ಏನಿದೆ ಗೊತ್ತೆ? ತಂಬಾಕು, ಮದ್ಯ, ಜೊತೆಗೆ ನಮ್ಮ ಅಡಿಕೆ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಸೇರಿ. ಬೂಸಲು ಹಿಡಿದ ಶೇಂಗಾದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವೂ ಅದೇ ಪಟ್ಟಿಯಲ್ಲಿದೆ. ಶಿರಾ, ಪಾವಗಡ, ಮಧುಗಿರಿ ಶೇಂಗಾ ಬೆಳೆಯುವ ಸೀಮೆ. ಮಳೆಗೆ ಸಿಕ್ಕಿ ಕಪ್ಪಾದ ಕಾಯಿಯನ್ನು ಮಾರಲಾಗದೆ ಮನೆಗೇ ಇಟ್ಟುಕೊಳ್ಳುವವರು ಈ ಮಾತನ್ನು ನೆನಪಿಡಬೇಕು. ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡು ಟವರ್ ವಿರುದ್ಧದ ಅರ್ಜಿಗೆ ಸಹಿ ಮಾಡುವವರನ್ನು ಕಂಡರೆ ನಗುವುದೋ ಅಳುವುದೋ ತಿಳಿಯದು. ಹಾಗೆಯೇ, ಆ ಅರ್ಜಿಗೆ ಸಹಿ ಹಾಕಿದ ಬೀದಿಯಲ್ಲಿ ಕೊಳವೆ ಬಾವಿಯ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿದವರು ಎಷ್ಟು ಮಂದಿ? ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲಿಗೂ ಮೂಳೆಗೂ ಕೇಡು ಎಂಬುದು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2011ರ ನಂತರ ಸಂಶೋಧನೆ ನಿಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ, ಮನುಷ್ಯರ ಮೇಲೆ ನಡೆದ 63 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ವರದಿ 2024ರಲ್ಲಿ ಪ್ರಕಟವಾಯಿತು. ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಅದರಲ್ಲಿ ಕಂಡುಬಂದಿಲ್ಲ. ಹತ್ತು ವರ್ಷಕ್ಕೂ ಮೀರಿ ಬಳಸಿದವರಲ್ಲೂ ಇಲ್ಲ. ಪ್ರಸಾರ ಗೋಪುರ ಮತ್ತು ಮೊಬೈಲ್ ಟವರುಗಳ ಬಳಿ ವಾಸಿಸುವ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿದ ಸೂಚನೆಯೂ ಸಿಕ್ಕಿಲ್ಲ.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಅಮೆರಿಕ ಸರ್ಕಾರದ ವಿಷಶಾಸ್ತ್ರ ಕಾರ್ಯಕ್ರಮವು ಇಲಿಗಳನ್ನು ಎರಡು ವರ್ಷ, ದಿನಕ್ಕೆ ಒಂಬತ್ತು ಗಂಟೆ, ಮೈಪೂರ್ತಿ ಬಲವಾದ 2ಜಿ ಮತ್ತು 3ಜಿ ಅಲೆಗಳಿಗೆ ಒಡ್ಡಿತ್ತು. 2018ರ ಅದರ ವರದಿಯ ಪ್ರಕಾರ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆಗಳು ಕಂಡವು. ವಿಚಿತ್ರವೆಂದರೆ ಅಲೆಗೆ ಒಡ್ಡಿದ ಗಂಡು ಇಲಿಗಳೇ ಒಡ್ಡದವುಗಳಿಗಿಂತ ಹೆಚ್ಚು ದಿನ ಬದುಕಿದವು! ಆ ಪ್ರಮಾಣದ ಅಲೆ ಮನುಷ್ಯರಿಗೆ ಟವರಿನಿಂದ ತಗಲುವುದಿಲ್ಲ. ಆದರೂ ವಿಷಯ ಇತ್ಯರ್ಥವಾಯಿತೆಂದು ವಿಜ್ಞಾನಿಗಳು ಕಡತ ಮುಚ್ಚಿಲ್ಲ. 2ಬಿ ವರ್ಗೀಕರಣವನ್ನು ಮತ್ತೆ ಪರಿಶೀಲಿಸಬೇಕೆಂಬ ಸಲಹೆ ಆ ಸಂಸ್ಥೆಯ ಮುಂದಿದೆ.

ನ್ಯಾಯಾಲಯದ ಮೆಟ್ಟಿಲೂ ಹತ್ತಿದ್ದಾಗಿದೆ. 2017ರಲ್ಲಿ ಗ್ವಾಲಿಯರ್‌ನ ಕ್ಯಾನ್ಸರ್ ರೋಗಿಯೊಬ್ಬರ ಅರ್ಜಿಯ ಮೇಲೆ ಅಲ್ಲಿನ ಒಂದು ಟವರನ್ನು ಸ್ಥಗಿತಗೊಳಿಸಲು ಸುಪ್ರೀಂ ಕೋರ್ಟ್ ಆದೇಶಿಸಿತು. 2021ರಲ್ಲಿ 5ಜಿ ವಿರುದ್ಧ ನಟಿ ಜೂಹಿ ಚಾವ್ಲಾ (ನಮ್ಮ ‘ಪ್ರೇಮಲೋಕ’ದ ನಾಯಕಿ) ಹೂಡಿದ್ದ ದಾವೆಯನ್ನು ದೆಹಲಿ ಹೈಕೋರ್ಟ್ ವಜಾ ಮಾಡಿತು. ಅದೇ ವರ್ಷ ಕೊರೊನಾ ಎರಡನೇ ಅಲೆಗೆ 5ಜಿ ಪ್ರಯೋಗವೇ ಕಾರಣವೆಂಬ ವದಂತಿ ಹಬ್ಬಿದಾಗ, ದೇಶದ ಯಾವ ಮೂಲೆಯಲ್ಲೂ ಅಂಥ ಪ್ರಯೋಗ ಆಗಿನ್ನೂ ಶುರುವಾಗಿಯೇ ಇಲ್ಲ ಎಂದು ದೂರಸಂಪರ್ಕ ಇಲಾಖೆ ಸ್ಪಷ್ಟಪಡಿಸಬೇಕಾಯಿತು. ತೀರ್ಪು ಯಾವ ಕಡೆ ಬಂದರೂ ಅದು ವೈದ್ಯಕೀಯ ಪುರಾವೆಯಾಗುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

"ಟವರ್ ಬಂದ ಮೇಲೆ ತಲೆನೋವು, ನಿದ್ದೆಯಿಲ್ಲ" ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎನ್ನಲಾಗದು. ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಲೆ ಬರುತ್ತಿದೆ ಎಂದು ತಿಳಿಸಿದಾಗ ಇಂಥವರಿಗೆ ಸಂಕಟ ಹೆಚ್ಚಿತು. ತಿಳಿಸದೆ ಆನ್-ಆಫ್ ಮಾಡಿದಾಗ ಯಾವುದು ಆನ್, ಯಾವುದು ಆಫ್ ಎಂದು ಹೇಳಲಾಗಲಿಲ್ಲ. ನೋವು ನಿಜ, ಅದನ್ನು ತರುವುದು ಅಲೆಯಲ್ಲ, ಆತಂಕ. ಇಂಥ ತಲೆನೋವಿಗೆ ರಕ್ತದೊತ್ತಡ, ಕಣ್ಣಿನ ದೃಷ್ಟಿ ಪರೀಕ್ಷಿಸಿಕೊಳ್ಳುವುದು ಜಾಣತನ. ಎಲ್ಲವನ್ನೂ ಟವರಿನ ತಲೆಗೆ ಕಟ್ಟಿ ಕುಳಿತರೆ ಚಿಕಿತ್ಸೆ ಬೇಕಾದ ಕಾಯಿಲೆ ಹಾಗೆಯೇ ಉಳಿದುಬಿಡುತ್ತದೆ.

ಟವರ್ ದೂರವಾದರೆ ಫೋನು ಕೂಗುತ್ತದೆ

ಇದು ಬಹಳ ಮಂದಿಗೆ ತಿಳಿಯದ ಸಂಗತಿ. ಅಲೆಗಳನ್ನು ಹೊರಡಿಸುವುದು ಟವರ್ ಮಾತ್ರವಲ್ಲ, ನಿಮ್ಮ ಫೋನೂ ಹೊರಡಿಸುತ್ತದೆ. ಟವರಿನ ಶಕ್ತಿ ಹೆಚ್ಚು, ನಿಜ. ಆದರೆ ದೂರ ಹೆಚ್ಚಿದಂತೆ ಅಲೆಯ ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹತ್ತು ಪಟ್ಟು ದೂರಕ್ಕೆ ಹೋದರೆ ನೂರನೇ ಒಂದು ಭಾಗ. ಆಂಟೆನಾದ ಅಲೆ ಟಾರ್ಚಿನ ಬೆಳಕಿನಂತೆ ಎದುರಿಗೆ, ತುಸು ಕೆಳಮುಖವಾಗಿ ಹೋಗುವುದರಿಂದ ನೇರ ಬುಡದ ಮನೆಗೆ ತಲುಪುವುದು ಸಾಮಾನ್ಯವಾಗಿ ಕಡಿಮೆ. ಫೋನಾದರೋ ಕಿವಿಗೆ ಅಂಟಿಕೊಂಡೇ ಇರುತ್ತದೆ. ಅದರ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್ ಮಾತ್ರವಾದರೂ ತಲೆಗೆ ತಗಲುವ ಅಲೆಯ ಬಹುಪಾಲು ಬರುವುದು ಅದರಿಂದಲೇ.

ಫೋನು ಯಾವಾಗಲೂ ಒಂದೇ ಬಲದಲ್ಲಿ ಕೆಲಸ ಮಾಡುವುದಿಲ್ಲ. ಟವರ್ ಹತ್ತಿರವಿದ್ದರೆ ಪಿಸುಗುಟ್ಟುತ್ತದೆ. ದೂರವಿದ್ದರೆ ಹೊಲದಾಚೆಯವರನ್ನು ಕೂಗಿ ಕರೆದಂತೆ ಗಂಟಲು ಹರಿದುಕೊಳ್ಳುತ್ತದೆ. ಈ ಎರಡರ ನಡುವಿನ ಅಂತರ ಸಾವಿರ ಪಟ್ಟಿಗೂ ಮೀರಬಹುದು. ಸಿಗ್ನಲ್ಲಿನ ಒಂದೇ ಕಡ್ಡಿ ಕಾಣುವಾಗ ಫೋನು ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುವುದಕ್ಕೆ ಇದೂ ಒಂದು ಕಾರಣ. ಬುಕ್ಕಾಪಟ್ಟಣದ ಗುಡ್ಡಗಳ ಮರೆಯಲ್ಲೋ, ಓಡುವ ಬಸ್ಸಿನಲ್ಲೋ, ದಪ್ಪ ಕಲ್ಲುಗೋಡೆಯ ಹಳೆಯ ಮನೆಯ ನಡುಮನೆಯಲ್ಲೋ ಅರ್ಧ ಗಂಟೆ ಮಾತನಾಡಿದವರಿಗೆ, ಬಯಲಿನ ಟವರಿನ ಸಮೀಪ ಮಾತನಾಡಿದವರಿಗಿಂತ ಹೆಚ್ಚು ಅಲೆ ತಗಲಿರುತ್ತದೆ. ಟವರನ್ನು ಊರಾಚೆ ಓಡಿಸಿದೆವೆಂದು ಹಿಗ್ಗುವ ಬೀದಿಯವರು ತಮ್ಮ ಮಕ್ಕಳ ಕೈಯ ಫೋನಿಗೆ ಗಂಟಲು ಹರಿದುಕೊಳ್ಳುವ ಕೆಲಸ ಕೊಟ್ಟಿರುತ್ತಾರೆ!

ಆದ್ದರಿಂದ ಅಲೆಯ ಬಗ್ಗೆ ಎಚ್ಚರ ವಹಿಸಬೇಕೆನಿಸಿದರೆ ಫೋನಿನಿಂದ ಆರಂಭಿಸಿ. ಸಿಗ್ನಲ್ ಚೆನ್ನಾಗಿರುವಲ್ಲಿ ಮಾತನಾಡಿ. ದೀರ್ಘ ಮಾತಿಗೆ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸಿ. ತಲೆಯಿಂದ ಒಂದು ಗೇಣು ದೂರವಿಟ್ಟರೂ ತಗಲುವ ಅಲೆ ಬಹಳಷ್ಟು ಇಳಿಯುತ್ತದೆ. ಭಾರತದಲ್ಲಿ ಫೋನಿನ ಅಲೆಯನ್ನು ದೇಹ ಹೀರಿಕೊಳ್ಳುವ ಪ್ರಮಾಣಕ್ಕೆ 2012ರಲ್ಲಿ ಗೊತ್ತುಪಡಿಸಿದ ಮಿತಿ ಕಿಲೋಗ್ರಾಂಗೆ 1.6 ವ್ಯಾಟ್. ಕರೆ ಮಾಡುವಂತೆ *#07# ಒತ್ತಿದರೆ ಇಲ್ಲಿ ಮಾರಾಟವಾಗುವ ಫೋನುಗಳ ಪರದೆಯಲ್ಲಿ ಅವುಗಳ ಅಂಕಿ ಕಾಣಿಸುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡ ಹಿರಿಯರು ಫೋನನ್ನು ಅಂಗಿಯ ಎಡಜೇಬಿನಲ್ಲಿ ಇಡಬಾರದು. ಯಂತ್ರಕ್ಕೂ ಫೋನಿಗೂ 15 ಸೆಂಟಿಮೀಟರ್ ಅಂತರವಿರಲಿ, ಕರೆಯನ್ನು ಯಂತ್ರವಿರುವ ಬದಿಯ ಕಿವಿಗೆ ಬದಲು ಇನ್ನೊಂದು ಕಿವಿಗೆ ಹಿಡಿಯಲಿ.

ಟವರಿನ ಬಗ್ಗೆ ಕೇಳಲೇಬೇಕಾದ ಪ್ರಶ್ನೆಗಳೂ ಇವೆ. ಕಂಪನಿಗಳು ಪೈಪೋಟಿಯ ಮೇಲೆ ಒಂದೇ ಗೋಪುರಕ್ಕೆ ಆಂಟೆನಾ ಸೇರಿಸುತ್ತಾ ಹೋದಂತೆ ಅವೆಲ್ಲವುಗಳ ಒಟ್ಟು ಅಲೆ ಮಿತಿಯೊಳಗೆ ಇರಬೇಕೆಂಬುದು ನಿಯಮ. 2013ರ ಮಾರ್ಗಸೂಚಿಯಲ್ಲಿ ಆಂಟೆನಾದ ಎದುರಿಗೆ, ಅದರಷ್ಟೇ ಎತ್ತರದ ಕಟ್ಟಡಕ್ಕೆ ಒಂದು ಆಂಟೆನಾ ಇದ್ದರೆ 20 ಮೀಟರ್, ಒಂದೇ ದಿಕ್ಕಿಗೆ ಎರಡಿದ್ದರೆ 35 ಮೀಟರ್ ಅಂತರ ಸೂಚಿಸಲಾಗಿತ್ತು. ನೀವು ನೋಡಬೇಕಾದದ್ದು ಬುಡವನ್ನಲ್ಲ, ನಿಮ್ಮ ಮಹಡಿಯ ಮಟ್ಟದಲ್ಲಿ ಎದುರಿಗೆ ಆಂಟೆನಾ ಇದೆಯೇ ಎಂಬುದನ್ನು. ಅನುಮಾನವಿದ್ದರೆ 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು. ಆರಂಭದಲ್ಲಿ ಶುಲ್ಕ ನಾಲ್ಕು ಸಾವಿರ ರೂಪಾಯಿ ಇತ್ತು. ಒಬ್ಬರಿಗೆ ಭಾರ, ಬೀದಿಯವರು ಕೂಡಿದರೆ ಹಗುರ.

ಎಲ್ಲಕ್ಕಿಂತ ಮುಖ್ಯವಾಗಿ ಡೀಸೆಲ್ ಜನರೇಟರನ್ನು ನೋಡಿ. ಕರೆಂಟು ಹೋದಾಗ ಟವರನ್ನು ನಡೆಸುವ ಈ ಯಂತ್ರದ ಹೊಗೆ ಮಲಗುವ ಕೋಣೆಯ ಕಿಟಕಿಗೆ ಬರುತ್ತದೆಯೇ? ಡೀಸೆಲ್ ಎಂಜಿನ್ನಿನ ಹೊಗೆಯನ್ನು ಅದೇ ಕ್ಯಾನ್ಸರ್ ಸಂಸ್ಥೆ 2012ರಲ್ಲಿ ಒಂದನೇ ವರ್ಗಕ್ಕೆ ಸೇರಿಸಿದೆ. ಅಂದರೆ ಟವರಿನ ನೆತ್ತಿಯ ಮೇಲಿನ ಆಂಟೆನಾಕ್ಕಿಂತ ಬುಡದಲ್ಲಿನ ಜನರೇಟರ್ ಮೇಲಿನ ದೂರಿಗೆ ವೈದ್ಯಕೀಯ ಆಧಾರ ಹೆಚ್ಚು. ಅದರ ಸದ್ದು, ಹಳೆಯ ಮಹಡಿ ಆ ಭಾರ ತಡೆದೀತೇ ಎಂಬುದು, ಇವೂ ಅರ್ಜಿಯಲ್ಲಿ ಬರಬೇಕಾದ ಮಾತುಗಳೇ.

ಅಗ್ಗದ ಡೇಟಾ, ದುಬಾರಿ ನಿದ್ದೆ

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ದರದ ಸಮರವೇ ನಡೆಯಿತು. ತಿಂಗಳಿಗೆ ಒಂದು ಜಿ.ಬಿ.ಯನ್ನು ತುಪ್ಪದಂತೆ ಜೋಪಾನವಾಗಿ ಬಳಸುತ್ತಿದ್ದ ಮನೆಗಳಿಗೆ ದಿನಕ್ಕೆ ಒಂದೂವರೆ, ಎರಡು ಜಿ.ಬಿ. ಸಿಗತೊಡಗಿತು. ದಿನದ ಪಾಲು ನಡುರಾತ್ರಿಗೆ ಮುಗಿದುಹೋಗುತ್ತದೆ. ಮಲಗಿಬಿಟ್ಟರೆ ಉಳಿದ ಡೇಟಾ ದಂಡವಾಯಿತಲ್ಲ ಎಂಬ ಸಂಕಟಕ್ಕೆ ಹನ್ನೆರಡರವರೆಗೆ ಕಣ್ಣು ಬಿಟ್ಟುಕೊಂಡು ಕೂರುವ ಹುಡುಗರಿದ್ದಾರೆ. ಹುಡುಗರೇಕೆ, ಅಪ್ಪಂದಿರೂ ಇದ್ದಾರೆ. 5ಜಿಯಲ್ಲಿ ಮಿತಿಯೇ ಇಲ್ಲದ ಪ್ಯಾಕು ಬಂದ ಮೇಲೆ ಆ ಹನ್ನೆರಡು ಗಂಟೆಯ ಗಡಿಯೂ ಹೋಯಿತು. ಕಂಪನಿಗಳ ಪೈಪೋಟಿ ಆರೋಗ್ಯವನ್ನು ನೇರವಾಗಿ ತಟ್ಟುವುದು ಇಲ್ಲಿ.

ನಿದ್ದೆಗೆಟ್ಟವರಿಗೆ ಮರುದಿನ ಗಮನ ನಿಲ್ಲುವುದಿಲ್ಲ, ಸಿಡುಕು ಹೆಚ್ಚುತ್ತದೆ. ಇದು ವರ್ಷಗಟ್ಟಲೆ ನಡೆದರೆ ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ದಾರಿಯಾಗುತ್ತದೆ. ಸದಾ ಹತ್ತಿರದ ಪರದೆಯನ್ನೇ ನೋಡುತ್ತಾ ಮನೆಯೊಳಗೇ ಇರುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಹೆಚ್ಚುತ್ತದೆ. ದಿನಕ್ಕೆರಡು ಗಂಟೆ ಹೊರಗಿನ ಬೆಳಕಿನಲ್ಲಿ ಆಡುವುದು ಇದಕ್ಕೆ ಒಳ್ಳೆಯ ತಡೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗದರ್ಶನದಂತೆ ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ತುತ್ತಿಗೊಂದು ವಿಡಿಯೋ ತೋರಿಸಿ ಉಣ್ಣಿಸುವ ತಾಯಂದಿರೇ, ಅಜ್ಜಿಯಂದಿರೇ, ದಯವಿಟ್ಟು ಇದನ್ನು ಗಮನಿಸಿ. ಅವರ ಅಜ್ಜನಿಗೆ ಚಂದಮಾಮ ಸಾಕಾಗಿತ್ತು.

ರಾತ್ರಿ ಫೋನುಗಳನ್ನೆಲ್ಲ ನಡುಮನೆಯಲ್ಲಿ ಚಾರ್ಜಿಗೆ ಹಾಕಿ ಬರಿಗೈಯಲ್ಲಿ ಮಲಗುವ ಪದ್ಧತಿ ಮಾಡಿಕೊಳ್ಳಿ. ಇದು ದೊಡ್ಡವರಿಗೂ ಅನ್ವಯಿಸಬೇಕು. ಇಲ್ಲದಿದ್ದರೆ ಮಕ್ಕಳು ಕೇಳುವುದಿಲ್ಲ. ಬಿಡಲಾರದಷ್ಟು ಅಂಟಿಕೊಂಡಿದ್ದರೆ ಅದಕ್ಕೂ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕಾಗಿ ಪ್ರತ್ಯೇಕ ಚಿಕಿತ್ಸಾ ವಿಭಾಗ ಆರಂಭವಾಯಿತು. ಅಷ್ಟು ದೂರ ಹೋಗಲಾಗದವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೆದ್ದಾರಿಯಲ್ಲಿ ಒಂದು ಕೈಯಲ್ಲಿ ಫೋನು ಹಿಡಿದು ಬೈಕ್ ಓಡಿಸುವವರ ಬಗ್ಗೆ ಹೇಳುವುದೇನೂ ಉಳಿದಿಲ್ಲ. ಮೊಬೈಲಿನಿಂದ ತಕ್ಷಣ ಪ್ರಾಣ ಹೋಗುವ ಬಗೆಗಳಲ್ಲಿ ಇದೂ ಒಂದು.

ಸಿಗ್ನಲ್ಲೇ ಔಷಧಿಯಾಗುವಾಗ

ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಇಸ್ರೋ ಉಪಗ್ರಹದ ಮೂಲಕ ಜೋಡಿಸಿ ದೂರಚಿಕಿತ್ಸೆಯ ಪ್ರಯೋಗ ಮಾಡಿದ್ದು 2002ರ ಸುಮಾರಿಗೆ. ಅಂದು ಉಪಗ್ರಹ ಬೇಕಾಗಿದ್ದ ಕೆಲಸ ಇಂದು ಜೇಬಿನ ಫೋನಿನಲ್ಲಿ ಆಗುತ್ತದೆ. ಕೇಂದ್ರ ಸರ್ಕಾರದ ‘ಇ-ಸಂಜೀವಿನಿ’ಯಲ್ಲಿ ವೈದ್ಯರನ್ನು ಮನೆಯಿಂದಲೇ ಕಾಣಬಹುದು. 2023ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ನಿಮಿಷಗಳಲ್ಲಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರನ್ನು ತಲುಪುತ್ತದೆ. ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಬಹುದು. ಮೊದಲ ಗಂಟೆಯಲ್ಲಿ ಕೊಟ್ಟರೆ ಅದರ ಫಲ ಹೆಚ್ಚು. ಶಿರಾದಿಂದ ಬೆಂಗಳೂರು ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು; ಪಾವಗಡದಿಂದ ಇನ್ನೂ ದೂರ. ಆ ಹೊತ್ತಿನ ಬೆಲೆ ಎಷ್ಟೆಂದು ನೀವೇ ಊಹಿಸಿ.

ಇ.ಸಿ.ಜಿ. ಕಳಿಸಲು 5ಜಿಯ ವೇಗ ಬೇಕಿಲ್ಲ. ಬೇಕಾದದ್ದು ಮಧ್ಯೆ ಕಡಿದುಹೋಗದ ಸಿಗ್ನಲ್. ಪಟ್ಟಣದ ಒಂದೇ ಬೀದಿಗೆ ಮೂರು ಕಂಪನಿಗಳು ಮುಗಿಬೀಳುವಾಗ ಗುಡ್ಡದ ಮರೆಯ ಹಳ್ಳಿಗೆ ಒಂದೂ ಸರಿಯಾಗಿ ಸಿಗದಿರುವುದು ಆರೋಗ್ಯದ ದೃಷ್ಟಿಯಿಂದ ಟವರಿಗಿಂತ ದೊಡ್ಡ ದೂರು.

ಎದೆನೋವು, ಹಾವು ಕಡಿತ, ಹೆರಿಗೆ ನೋವು ಹೇಳಿಕೇಳಿ ಬರುವುದಿಲ್ಲ. ಮನೆಯ ಯಾವ ಮೂಲೆಯಲ್ಲಿ, ತೋಟದ ಯಾವ ಬದುವಿನ ಮೇಲೆ ಸಿಗ್ನಲ್ ಸಿಗುತ್ತದೆ ಎಂಬುದು ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಎಲ್ಲರಿಗೂ ಮೊದಲೇ ತಿಳಿದಿರಲಿ. ಆಂಬುಲೆನ್ಸಿಗೆ 108. ಅದು ಹೋಗದಿದ್ದರೆ 112 ಒತ್ತಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಬೇರೆ ಯಾವುದಾದರೂ ಕಂಪನಿಯ ಜಾಲವಿದ್ದರೆ ಆ ಕರೆ ಅದರ ಮೂಲಕ ಹೋಗಬಲ್ಲದು.